ಹಾಯಿದೋಣಿಯ ಕ್ಯಾಬಿನ್ನಿನಲ್ಲಿ ಸೀಮೆಎಣ್ಣೆ ವಾಸನೆ: ಒಂದು ಪ್ರಕರಣ

ದೋಣಿಯೊಂದರ ಸೀಮೆಎಣ್ಣೆ ಒಲೆ ಬದಲಿಸಬೇಕೇ ಬೇಡವೇ ಎಂಬುದಷ್ಟೇ ನನ್ನ ಮುಂದಿಟ್ಟ ಪ್ರಶ್ನೆಯಾಗಿತ್ತು. ದೋಣಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಸೌತಾಂಪ್ಟನ್ ಹತ್ತಿರದ ಹ್ಯಾಂಬಲ್ ನದಿಯ ಮರೀನಾವೊಂದರಲ್ಲಿತ್ತು, ಅಂದರೆ ದೋಣಿಗಳನ್ನು ಕಟ್ಟಿಹಾಕುವ ತಂಗುದಾಣದಲ್ಲಿ. 1970ರ ದಶಕದಲ್ಲಿ ಕಟ್ಟಿದ 26 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ. ನಾಲ್ಕು ಜನ ಮಲಗಬಹುದು, ಆದರೆ ಇಬ್ಬರು ಎದ್ದು ನಿಂತರೆ ಮೂರನೆಯವರು ಕುಳಿತೇ ಇರಬೇಕು, ಅಷ್ಟು ದೊಡ್ಡ ಕ್ಯಾಬಿನ್. ಒಡೆಯರು ಕುಂದಾಪುರ ಕಡೆಯ ವೈದ್ಯರು, ಅವರ ಹೆಂಡತಿ ಶಿರಸಿಯವರು, ನಾನು ಅಕ್ಕ ಎನ್ನುವುದು ಅವರನ್ನೇ. ದೋಣಿ ಕೊಂಡಾಗಿನಿಂದ ಒಳಗೆ ಸೀಮೆಎಣ್ಣೆ ವಾಸನೆ. ಕಂಬಳಿಗೆ ವಾಸನೆ, ಬ್ರೆಡ್ಡಿಗೆ ವಾಸನೆ, ಸೋಮವಾರ ಆಸ್ಪತ್ರೆಗೆ ಹಾಕಿಕೊಂಡು ಹೋದ ಸ್ವೆಟರಿಗೂ ವಾಸನೆ.

ಡಾಕ್ಟರು ಕೈಕಟ್ಟಿ ಕುಳಿತಿರಲಿಲ್ಲ. ಒಲೆಯ ಎರಡೂ ಬರ್ನರುಗಳನ್ನು ಹೊಸದಾಗಿ ಹಾಕಿಸಿದ್ದರು. ಕಪಾಟುಗಳಲ್ಲಿ ಕಾಫಿಪುಡಿ, ಅಡುಗೆ ಸೋಡಾ ಇಟ್ಟು ನೋಡಿದ್ದರು. ದೋಣಿ ರಿಪೇರಿಯವರೊಬ್ಬರು ಬಂದು ಮೂಗು ಮುರಿದು, ಈ ಹಳೆಯ ಕಾಲದ ಒಲೆಯನ್ನು ಕಿತ್ತು ಗ್ಯಾಸ್ ಹಾಕಿಸಿಕೊಳ್ಳಿ ಎಂದು ದೊಡ್ಡ ಮೊತ್ತದ ಅಂದಾಜು ಪಟ್ಟಿ ಕೊಟ್ಟಿದ್ದರು. ಅದನ್ನು ನನ್ನ ಕೈಗಿಟ್ಟು ಡಾಕ್ಟರು ಕೇಳಿದರು: "ಏನು ಮಾಡೋಣ ಹೇಳಿ? ಇನ್ನೊಂದು ಚಳಿಗಾಲ ಈ ವಾಸನೆಯಲ್ಲಿ ಕಳೆಯುವುದು ನಮ್ಮಿಂದಾಗದು."

ಗ್ಯಾಸಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಗ್ಯಾಸ್ ಒಲೆ ಕೆಟ್ಟದ್ದೇನಲ್ಲ, ಬಹುಪಾಲು ದೋಣಿಗಳಲ್ಲಿ ಈಗ ಅದೇ ಇದೆ. ಆದರೆ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಮನೆಯಲ್ಲಿ ಸೋರಿದ ಗ್ಯಾಸ್ ಬಾಗಿಲ ಸಂದಿನಿಂದಾದರೂ ಹೊರಹೋದೀತು. ದೋಣಿ ಎಂದರೆ ಸೋರದ ಪಾತ್ರೆ, ಅದರೊಳಗೆ ಬಿದ್ದ ಭಾರದ ಅನಿಲ ತಳದಲ್ಲೇ ಕಾದು ಕುಳಿತಿರುತ್ತದೆ. ಹಾಗಾಗಿ ಸಿಲಿಂಡರಿಗೆ ಒಳಗಿನಿಂದ ಪೂರ್ತಿ ಬೇರ್ಪಟ್ಟ ಪೆಟ್ಟಿಗೆ ಬೇಕು, ಆ ಪೆಟ್ಟಿಗೆಯ ತಳದಿಂದ ಹೊರಗೆ ನೀರಿನ ಕಡೆಗೆ ಕೊಳವೆ ಬೇಕು. ಈ ದೋಣಿಯಲ್ಲಿ ಅಂಥ ಪೆಟ್ಟಿಗೆಗೆ ಜಾಗವೇ ಇರಲಿಲ್ಲ, ದೋಣಿ ನಡೆಸುವವರು ಕೂರುವ ತೆರೆದ ತಗ್ಗನ್ನು, ಅಂದರೆ ಕಾಕ್‌ಪಿಟ್ಟನ್ನು, ಕತ್ತರಿಸಬೇಕಿತ್ತು. ಅಂದಾಜಿನ ಮೊತ್ತ ಏರಿದ್ದು ಅದರಿಂದ. ಇಷ್ಟಾದರೂ ಈಗಾಗಲೇ ಇರುವ ವಾಸನೆ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಒಲೆಯನ್ನು ನೋಡಿದೊಡನೆ ಅಕ್ಕನಿಗೂ ನನಗೂ ಅದರ ಪರಿಚಯ ಹೇಳಿಕೊಡಬೇಕಾದ ಅಗತ್ಯ ಬೀಳಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಗ್ಯಾಸ್ ಬರುವ ಮುಂಚೆ ಇದ್ದ ಪಂಪ್ ಸ್ಟೌವಿನ ಅಣ್ಣನೇ ಅದು. ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಒಲೆಯ ತತ್ವವೇ ಎರಡಕ್ಕೂ ಮೂಲ. ಬತ್ತಿ ಇಲ್ಲ. ಟ್ಯಾಂಕಿಗೆ ಪಂಪ್ ಹೊಡೆದರೆ ಒತ್ತಡಕ್ಕೆ ಎಣ್ಣೆ ಮೇಲೇರುತ್ತದೆ, ಮೊದಲೇ ಕಾಯಿಸಿಟ್ಟ ಬರ್ನರಿನ ಕೊಳವೆಗಳಲ್ಲಿ ಆವಿಯಾಗುತ್ತದೆ, ಕೂದಲೆಳೆಯಷ್ಟು ಸಣ್ಣ ತೂತಿನ ನಿಪ್ಪಲ್ಲಿನಿಂದ ರಭಸವಾಗಿ ಹೊರಬಂದು ಗಾಳಿಯೊಂದಿಗೆ ಬೆರೆತು ನೀಲಿಯಾಗಿ ಉರಿಯುತ್ತದೆ. ಉರಿಯ ಶಾಖವೇ ಮುಂದಿನ ಎಣ್ಣೆಯನ್ನು ಆವಿ ಮಾಡುತ್ತಾ ಹೋಗುತ್ತದೆ. ದೋಣಿಯ ಒಲೆಯಲ್ಲಿ ವ್ಯತ್ಯಾಸ ಎರಡೇ. ಟ್ಯಾಂಕು ಒಲೆಯ ಬುಡದಲ್ಲಿರದೆ ಪಕ್ಕದ ಕಪಾಟಿನಲ್ಲಿದ್ದು ತಾಮ್ರದ ಸಣ್ಣ ಕೊಳವೆ ಎಣ್ಣೆ ತರುತ್ತದೆ. ಎರಡನೆಯದು, ದೋಣಿ ವಾಲಿದರೂ ಪಾತ್ರೆ ಮಟ್ಟವಾಗಿರಲೆಂದು ಒಲೆಯನ್ನು ಎರಡು ಕೀಲುಗಳ ಮೇಲೆ ತೂಗುಬಿಟ್ಟಿರುತ್ತಾರೆ. ಗಿಂಬಲ್ ಎನ್ನುತ್ತಾರೆ ಅದನ್ನು. ಈ ಎರಡು ವ್ಯತ್ಯಾಸಗಳು ಕೂಡುವ ಜಾಗವನ್ನು ಓದುಗರು ನೆನಪಿಟ್ಟುಕೊಳ್ಳಲಿ.

ವಾಸನೆಯ ದೂರು ಬಂದಾಗ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಕೇಳಬೇಕಾದದ್ದು "ಎಲ್ಲಿ" ಎಂದಲ್ಲ, "ಯಾವಾಗ" ಎಂದು. ಎಂಟು ಮೀಟರ್ ಉದ್ದದ ಮುಚ್ಚಿದ ಜಾಗದಲ್ಲಿ ಎಲ್ಲಿಂದ ಎಂದು ಮೂಗಿನಿಂದ ಹೇಳಲಾಗದು. ಅದೂ ಅಲ್ಲದೆ ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗು ಅದನ್ನು ಲೆಕ್ಕಕ್ಕಿಡುವುದನ್ನೇ ಬಿಡುತ್ತದೆ. ಡಾಕ್ಟರು ವಾಸನೆ ಹುಡುಕುತ್ತ ಕಪಾಟು ಕಪಾಟಿಗೆ ಮೂಗು ತೂರಿಸಿದ್ದು ಫಲ ಕೊಡದಿದ್ದರೆ ಅದು ಅವರ ತಪ್ಪಲ್ಲ.

ಯಾವಾಗ ಎಂಬ ಪ್ರಶ್ನೆಗೆ ಡಾಕ್ಟರು "ಯಾವಾಗಲೂ" ಎಂದರು. ಅಕ್ಕ ಒಪ್ಪಲಿಲ್ಲ.

"ಯಾವಾಗಲೂ ಒಂದೇ ತರಹ ಇರುವುದಿಲ್ಲ. ಹಚ್ಚುವಾಗ ಬರುವುದು ಕಣ್ಣು ಉರಿಸುವ ಘಾಟು. ಆರಿಸಿದ ಮೇಲೆ ಬರುವುದು ಬೇರೆ, ನಮ್ಮ ಊರಿನಲ್ಲಿ ಚಿಮಣಿ ದೀಪ ಊದಿದಾಗ ಬರುತ್ತಿತ್ತಲ್ಲ, ಹಾಗೆ. ಒಲೆ ಮುಟ್ಟದ ದಿನವೂ ಇರುವುದು ಹಸಿ ಎಣ್ಣೆಯ ವಾಸನೆ. ಅದು ದೋಣಿ ಓಡಿಸಿ ಬಂದ ರಾತ್ರಿ ಜಾಸ್ತಿ."

ಇಷ್ಟು ಸ್ಪಷ್ಟವಾದ ರೋಗಲಕ್ಷಣದ ವಿವರ ಡಾಕ್ಟರಿಗೆ ತಮ್ಮ ವೃತ್ತಿಯಲ್ಲೂ ಅಪರೂಪಕ್ಕೆ ಸಿಕ್ಕಿರಬಹುದು. ಒಂದು ವಾಸನೆ ಎಂದುಕೊಂಡದ್ದು ಮೂರು. ಮೂರಕ್ಕೂ ಒಂದೇ ಕಾರಣ ಇರಬೇಕೆಂಬ ನಿಯಮವಿಲ್ಲ. ಬರ್ನರ್ ಬದಲಿಸಿದರೂ ವಾಸನೆ ಹೋಗಲಿಲ್ಲ ಎಂಬ ನಿರಾಸೆಗೆ ಮೂಲವೂ ಇಲ್ಲಿಯೇ ಇತ್ತು. ಉರಿಯದ ಒಲೆಯ ವಾಸನೆಗೆ ಬರ್ನರನ್ನು ಹೊಣೆ ಮಾಡುವುದು ಕಷ್ಟ.

ಹಸಿ ಎಣ್ಣೆಯ ವಾಸನೆಯನ್ನು ಮೊದಲು ಕೈಗೆತ್ತಿಕೊಂಡೆವು, ಏಕೆಂದರೆ ಹೆಚ್ಚು ಹೊತ್ತು ಇರುವುದು ಅದು. ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಕಿರಲಿಲ್ಲ. ಟ್ಯಾಂಕಿನ ಒತ್ತಡ ಇಳಿಸಿ, ಕೊಳವೆ ಬಿಚ್ಚಿ, ಒಲೆ, ಟ್ಯಾಂಕು, ಎಣ್ಣೆ ಡಬ್ಬ ಮೂರನ್ನೂ ದೋಣಿಯಿಂದ ಹೊರಗೆ ಸಾಗಿಸಿದೆವು. ಕ್ಯಾಬಿನ್ನನ್ನು ಒಂದು ಮಧ್ಯಾಹ್ನ ತೆರೆದಿಟ್ಟು, ರಾತ್ರಿ ಬಿಗಿಯಾಗಿ ಮುಚ್ಚಿ, ಬೆಳಿಗ್ಗೆ ಆ ದೋಣಿಯನ್ನು ಎಂದೂ ಹತ್ತದ ನೆರೆಯವರೊಬ್ಬರನ್ನು ಕರೆದು ಹ್ಯಾಚ್, ಅಂದರೆ ಕ್ಯಾಬಿನ್ನಿನ ಮೇಲಿನ ಬಾಗಿಲು, ತೆಗೆಯಲು ಹೇಳಿದೆವು. ಆತ ತಲೆ ಒಳಗೆ ಹಾಕಿದ್ದೇ ತಡ, "ಪ್ಯಾರಾಫಿನ್" ಎಂದ. ಬ್ರಿಟನ್ನಿನಲ್ಲಿ ಸೀಮೆಎಣ್ಣೆಗೆ ಅದೇ ಹೆಸರು.

ಒಲೆಯಿಲ್ಲದ ದೋಣಿಯಲ್ಲೂ ವಾಸನೆ ಇದೆ ಎಂದಮೇಲೆ ಎಣ್ಣೆ ದೋಣಿಯ ಮೈಯಲ್ಲೇ ಎಲ್ಲೋ ಮನೆ ಮಾಡಿಕೊಂಡಿದೆ ಎಂದಾಯಿತು. ಸೋರುವ ಜಾಗ ಒಂದು, ಸೋರಿದ್ದು ಸೇರಿಕೊಂಡ ಜಾಗ ಇನ್ನೊಂದು. ಒಂದನ್ನಷ್ಟೇ ಸರಿಪಡಿಸಿದರೆ ಸಾಲದು. ಸೋರಿಕೆ ನಿಲ್ಲಿಸಿಯೂ ತಿಂಗಳುಗಟ್ಟಲೆ ವಾಸನೆ ಉಳಿಯುವುದು, ಆಗ ಸರಿಯಾದ ರಿಪೇರಿಯನ್ನೇ ಅನುಮಾನಿಸಿ ಮತ್ತೆ ಬಿಚ್ಚುವುದು ಇಂಥ ಪ್ರಕರಣಗಳಲ್ಲಿ ಬಹಳ ಸಾಮಾನ್ಯ.

ನೆಲದ ಹಲಗೆ ಎತ್ತಿದರೆ ಬಿಲ್ಜ್, ಅಂದರೆ ದೋಣಿಯ ತಳದ ತಗ್ಗು. ಅಲ್ಲಿ ಎರಡು ಬೆರಳು ನೀರು, ನೀರಿನ ಮೇಲೆ ಕಾಮನಬಿಲ್ಲಿನ ಪದರ. ಆದರೆ ಈ ದೋಣಿಗೆ ಸಣ್ಣ ಡೀಸೆಲ್ ಎಂಜಿನ್ನೂ ಇತ್ತು. ತೇಲುತ್ತಿರುವುದು ಡೀಸೆಲ್ಲೋ ಸೀಮೆಎಣ್ಣೆಯೋ? ಮೂಗನ್ನು ನಂಬುವ ಬದಲು ಇಲ್ಲಿ ಬೇರೆ ದಾರಿಯಿದೆ. ಇಂಗ್ಲೆಂಡಿನಲ್ಲಿ ವಿಹಾರದ ದೋಣಿಗಳಿಗೆ ಕೆಂಪು ಬಣ್ಣ ಬೆರೆಸಿದ ಡೀಸೆಲ್ ಮಾರುತ್ತಾರೆ. ನಮ್ಮಲ್ಲಿ ಪಡಿತರ ಸೀಮೆಎಣ್ಣೆಗೆ ನೀಲಿ ಹಾಕುವಂತೆಯೇ, ತೆರಿಗೆ ಕಡಿಮೆಯಿರುವ ಇಂಧನ ಬೇರೆಡೆ ಹರಿದುಹೋಗದಿರಲಿ ಎಂದು. ಈ ದೋಣಿಯ ಟ್ಯಾಂಕಿನಲ್ಲಿದ್ದದ್ದೂ ಕೆಂಪು ಡೀಸೆಲ್ಲೇ. ಎಣ್ಣೆಯನ್ನು ಹೀರಿ ನೀರನ್ನು ಬಿಡುವ ಬಿಳಿ ಹಾಸನ್ನು ಬಿಲ್ಜಿನಲ್ಲಿ ತೇಲಿಬಿಟ್ಟೆವು. ಕೆಂಪು ಛಾಯೆ ಹತ್ತಲಿಲ್ಲ. ಗಟ್ಟಿ ಮಾಡಿಕೊಳ್ಳಲು ಹಾಸನ್ನು ಹಿಂಡಿ ವೃತ್ತಪತ್ರಿಕೆಯ ಮೇಲೆ ಒಂದು ಹನಿ, ಪಕ್ಕದಲ್ಲಿ ಎಂಜಿನ್ ಟ್ಯಾಂಕಿನಿಂದ ತೆಗೆದ ಡೀಸೆಲ್ಲಿನ ಒಂದು ಹನಿ ಬಿಟ್ಟೆವು. ಮಾರನೆಯ ದಿನ ಡೀಸೆಲ್ಲಿನ ಕಲೆ ಜಿಡ್ಡುಜಿಡ್ಡಾಗಿ ಅಕ್ಷರಗಳು ಹಿಂಬದಿಗೆ ಕಾಣುವಂತಿತ್ತು. ಇನ್ನೊಂದು ಬಹುತೇಕ ಆರಿ ಅಂಚು ಮಾತ್ರ ಉಳಿದಿತ್ತು. ಎಂಜಿನ್ ನಿರಪರಾಧಿ.

ಒಲೆ, ಟ್ಯಾಂಕುಗಳನ್ನು ಮತ್ತೆ ಜೋಡಿಸಿ ಸೋರುವ ಜಾಗ ಹುಡುಕಲು ಕುಳಿತೆವು. ಇಲ್ಲಿ ಎರಡು ಬಗೆಯ ಸೋರಿಕೆಯನ್ನು ಬೇರೆಮಾಡಿ ನೋಡಬೇಕು. ಟ್ಯಾಂಕಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲಿರುವ ಭಾಗ, ಅಂದರೆ ಮುಚ್ಚಳ, ಪಂಪು, ಒತ್ತಡ ತೋರಿಸುವ ಗೇಜು, ಇವು ಸೋರಿದರೆ ಬರುವುದು ಎಣ್ಣೆಯ ಆವಿ ಬೆರೆತ ಗಾಳಿ. ಇದಕ್ಕೆ ಸೋಪಿನ ನೊರೆ ಸವರಿದರೆ ಗುಳ್ಳೆ ಏಳುತ್ತದೆ. ಮಟ್ಟಕ್ಕಿಂತ ಕೆಳಗಿನ ಜೋಡಣೆಗಳು, ಕೊಳವೆ, ಬರ್ನರಿನ ಬುಡ ಸೋರಿದರೆ ಬರುವುದು ಎಣ್ಣೆಯೇ. ಅಲ್ಲಿ ಸೋಪಿನ ನೊರೆ ಕೆಲಸಕ್ಕೆ ಬರುವುದಿಲ್ಲ. ಸೀಮೆಎಣ್ಣೆ ತೊಟ್ಟಿಕ್ಕುವುದಕ್ಕಿಂತ ತೆವಳುವುದೇ ಹೆಚ್ಚು, ಮರೆಯ ಸಂದಿನಲ್ಲಿ ಹೊರಟು ಕೊಳವೆಯ ಮೈಗುಂಟ ಹರಡಿ ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಒಳ್ಳೆಯ ಉಪಾಯವೆಂದರೆ ಸೀಮೆಸುಣ್ಣದ ಪುಡಿ. ಜೋಡಣೆಯನ್ನು ಚೊಕ್ಕವಾಗಿ ಒರೆಸಿ ಪುಡಿ ಉದುರಿಸಿ, ಒಲೆ ಹಚ್ಚದೆ, ಟ್ಯಾಂಕಿಗೆ ಪಂಪ್ ಹೊಡೆದು ಕಾಯಬೇಕು. ಹನಿಯಾಗದಷ್ಟು ಎಣ್ಣೆ ಜಿನುಗಿದರೂ ಬಿಳಿ ಪುಡಿ ಕಪ್ಪಗೆ ತೊಯ್ದು ಮೂಲವನ್ನು ತೋರಿಸಿಬಿಡುತ್ತದೆ.

ಟ್ಯಾಂಕಿನ ಮುಚ್ಚಳದಲ್ಲಿ ನೊರೆ ಸಣ್ಣಗೆ ಗುಳ್ಳೆಯೆದ್ದಿತು. ತೆಗೆದು ನೋಡಿದರೆ ಯಾರೋ ನಲ್ಲಿಗೆ ಹಾಕುವ ಮಾಮೂಲು ರಬ್ಬರ್ ವಾಷರ್ ಹಾಕಿದ್ದರು. ಸೀಮೆಎಣ್ಣೆ ಕುಡಿದು ಅದು ಉಬ್ಬಿ, ಅಂಚು ಬಿರಿದು, ಬೆರಳಿಗೆ ಅಂಟುವಷ್ಟು ಮೆತ್ತಗಾಗಿತ್ತು. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನದು ಹಾಕಿದರೆ ಮುಗಿಯಿತು. ಕೆಲವೇ ಪೆನ್ಸಿನ ವಸ್ತು. ಆದರೆ ಅದು ಆವಿಯ ಸೋರಿಕೆ. ಬಿಲ್ಜಿನಲ್ಲಿ ತೇಲುತ್ತಿದ್ದ ಎಣ್ಣೆಗೆ ಅದು ಉತ್ತರವಲ್ಲ.

ಕೆಳಗಿನ ಜೋಡಣೆಗಳ ಮೇಲೆ ಪುಡಿ ಬೆಳ್ಳಗೇ ಉಳಿಯಿತು. ಅರ್ಧ ತಾಸು ಕಾದರೂ ಬೆಳ್ಳಗೇ. ಡಾಕ್ಟರು ನನ್ನ ಮುಖ ನೋಡಿದರು.

ಆಗ ಅಕ್ಕ ಹೇಳಿದ ಮಾತು ಉಪಯೋಗಕ್ಕೆ ಬಂತು. ದೋಣಿ ಓಡಿಸಿ ಬಂದ ರಾತ್ರಿ ಜಾಸ್ತಿ. ಮರೀನಾದಲ್ಲಿ ಕಟ್ಟಿಹಾಕಿದ ದೋಣಿಯಲ್ಲಿ ಒಲೆ ಅಲುಗದೆ ನಿಂತಿರುತ್ತದೆ. ನದಿ ದಾಟಿ ಸೋಲೆಂಟ್ ಎಂಬ ಜಲಸಂಧಿಯ ನೀರಿಗೆ ಹೋದರೆ, ಗಾಳಿ ಹಿಡಿದು ದೋಣಿ ವಾಲಿದಷ್ಟೂ ಒಲೆ ಗಿಂಬಲಿನ ಮೇಲೆ ತೂಗುತ್ತದೆ. ಒಲೆ ತೂಗಿದರೆ ಅದಕ್ಕೆ ಎಣ್ಣೆ ತರುವ ಕೊಳವೆಯೂ ಅದರೊಂದಿಗೆ ಬಾಗಬೇಕು. ಪುಡಿ ಉದುರಿಸಿದ್ದ ಹಾಗೆಯೇ, ಒತ್ತಡ ಇದ್ದಹಾಗೆಯೇ, ಒಲೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ ತೂಗಿಸುವಂತೆ ಡಾಕ್ಟರಿಗೆ ಹೇಳಿ, ನಾನು ಒಲೆಯ ಹಿಂದೆ ಟಾರ್ಚ್ ಬಿಟ್ಟು ಕುಳಿತೆ. ಕೆಲವೇ ತೂಗಿಗೆ ತಾಮ್ರದ ಕೊಳವೆ ಒಲೆಯ ಹಿತ್ತಾಳೆ ಕೀಲಿಗೆ ಸೇರುವಲ್ಲಿ ಪುಡಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಮೂಡಿತು. ಇನ್ನೂ ತೂಗಿದಂತೆ ಗೆರೆ ಅಗಲವಾಗಿ ಉಂಗುರವಾಯಿತು. ನಿಲ್ಲಿಸಿದಾಗ ಅದೂ ನಿಂತಿತು.

ಬಿಚ್ಚಿ ನೋಡಿದ ಮೇಲೆ ಕಥೆ ಸ್ಪಷ್ಟವಾಯಿತು. ಮೂಲದಲ್ಲಿ ಆ ಕೊಳವೆಯನ್ನು ಸ್ಪ್ರಿಂಗಿನಂತೆ ಒಂದೆರಡು ಸುತ್ತು ಸುತ್ತಿ ಬಿಟ್ಟಿರುತ್ತಾರೆ. ಒಲೆ ತೂಗುವಾಗ ಬಾಗುವುದು ಆ ಸುತ್ತುಗಳು, ಜೋಡಣೆಯಲ್ಲ. ಹಿಂದಿನ ಯಾರೋ ಒಡೆಯರು ಕೊಳವೆ ಬದಲಿಸುವಾಗ ಸುತ್ತು ಬಿಡದೆ ನೇರ ಎಳೆದಿದ್ದರು. ಅಂದಿನಿಂದ ತೂಗಿನ ಪೆಟ್ಟೆಲ್ಲ ಕೊಳವೆಯನ್ನು ಬಿಗಿಹಿಡಿಯುವ ಹಿತ್ತಾಳೆಯ ಉಂಗುರದ ಮೇಲೆ ಬೀಳುತ್ತಿತ್ತು. ಉಂಗುರದ ಅಂಚಿನಲ್ಲಿ ತಾಮ್ರ ಗಟ್ಟಿಯಾಗಿ, ಹೊಳಪು ಕಳೆದುಕೊಂಡು, ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಬಿರುಕು ಬಿಟ್ಟಿತ್ತು. ನಿಂತಾಗ ಮುಚ್ಚಿಕೊಳ್ಳುವ, ಬಾಗಿದಾಗ ಬಾಯಿ ಬಿಡುವ ಬಿರುಕು. ಹಿಂದೆ ಯಾರಿಗೂ ಸಿಗದಿದ್ದದ್ದು ಸಹಜ, ಒಲೆ ರಿಪೇರಿ ಮಾಡುವವರು ದೋಣಿ ಕಟ್ಟಿಹಾಕಿದಾಗಲೇ ಬರುತ್ತಾರೆ.

ಇಂಥ ಸಣ್ಣ ಸೋರಿಕೆಯಿಂದ ಅಷ್ಟೊಂದು ವಾಸನೆಯೇ ಎಂದು ಡಾಕ್ಟರು ಕೇಳಿದರು. ನಿಮಿಷಕ್ಕೊಂದು ಹನಿ ಎಂದರೂ ದಿನಕ್ಕೆ ಅರ್ಧ ಕಾಫಿ ಲೋಟದಷ್ಟಾಗುತ್ತದೆ. ಸೀಮೆಎಣ್ಣೆ ಪೆಟ್ರೋಲಿನಂತೆ ಬೇಗ ಹಾರಿಹೋಗುವುದಿಲ್ಲ, ಡೀಸೆಲ್ಲಿನಂತೆ ಸುಮ್ಮನೆ ಕೂರುವುದೂ ಇಲ್ಲ. ನಿಧಾನವಾಗಿ ದಿನವಿಡೀ ಆವಿಯಾಗುತ್ತಾ ಇರುವುದರಿಂದ ಸ್ವಲ್ಪವೇ ಸಾಕು. ಹೊಸ ಕೊಳವೆಯನ್ನು ಮೂರು ಸುತ್ತು ಸುತ್ತಿ, ಸುತ್ತಿನ ನಡುವೆ ಒಂದಕ್ಕೊಂದು ಉಜ್ಜದಷ್ಟು ಬಿಡುವು ಕೊಟ್ಟು ಹಾಕಿದೆ. ಟ್ಯಾಂಕಿನ ಬಳಿ ಸಣ್ಣ ಕವಾಟವನ್ನೂ ಸೇರಿಸಿದೆ, ಅಡುಗೆ ಮುಗಿದ ಮೇಲೆ ಎಣ್ಣೆಯನ್ನು ಅಲ್ಲಿಯೇ ತಡೆಯಲು. ಮಲಗುವ ಮುಂಚೆ ಟ್ಯಾಂಕಿನ ಒತ್ತಡ ಇಳಿಸುವುದು ರೂಢಿಯಾಗಬೇಕು. ಒತ್ತಡವೇ ಇಲ್ಲದಿದ್ದರೆ ಬಿರುಕು ಇದ್ದರೂ ಎಣ್ಣೆಯನ್ನು ಹೊರದೂಡುವವರಿಲ್ಲ. ಇಳಿಸುವಾಗ ಬರ್ನರ್ ಪೂರ್ತಿ ಆರಿ ತಣ್ಣಗಾಗಿರಬೇಕು, ಹ್ಯಾಚ್ ತೆರೆದಿರಬೇಕು, ಮುಚ್ಚಳದ ಮೇಲೆ ಬಟ್ಟೆ ಇರಬೇಕು. ಬೆಂಕಿ ಇದ್ದಾಗ ಮುಚ್ಚಳ ಸಡಿಲಿಸಿದರೆ ಸಿಡಿಯುವ ಎಣ್ಣೆಯ ಮಂಜು ಹೊತ್ತಿಕೊಳ್ಳುತ್ತದೆ. ನಮ್ಮೂರುಗಳಲ್ಲಿ ಪಂಪ್ ಸ್ಟೌವಿಗೆ ಬಂದ ಕೆಟ್ಟ ಹೆಸರಿನಲ್ಲಿ ಇದರ ಪಾಲೂ ಇದೆ.

ಇನ್ನು ಘಾಟು. ಅಕ್ಕ ಒಲೆ ಹಚ್ಚುವುದನ್ನು ಮಾತಾಡದೆ ನೋಡುತ್ತ ನಿಂತೆ. ಬರ್ನರಿನ ಬುಡದ ಬಟ್ಟಲಿಗೆ ನೇರಳೆ ಬಣ್ಣದ ಸ್ಪಿರಿಟ್ ಅರ್ಧ ಸುರಿದರು, ಕಡ್ಡಿ ಗೀರಿದರು. ಹಿಂದಿನ ಮೆಟ್ಟಿಲ ಬಾಗಿಲಿನಿಂದ ನದಿಯ ಗಾಳಿ ನೇರ ಒಲೆಯ ಮೇಲೆ ಬೀಸುತ್ತಿತ್ತು. ಸ್ಪಿರಿಟ್ಟಿನ ಉರಿ ಬರ್ನರನ್ನು ಸುತ್ತುವ ಬದಲು ಒಂದು ಪಕ್ಕಕ್ಕೆ ಮಲಗಿ ಉರಿದು, ಬೇಗ ಆರಿತು. ಅವರು ಕೂಡಲೇ ತಿರುಗಣೆ ತಿರುಗಿಸಿದರು. ಹಳದಿ ಜ್ವಾಲೆ ಒಂದು ಗೇಣು ಮೇಲೆದ್ದು, ಬಿಳಿ ಹೊಗೆ ಬಂದು, ಮೂವರ ಕಣ್ಣಲ್ಲೂ ನೀರು.

ಅರೆಬರೆ ಕಾದ ಬರ್ನರಿನಲ್ಲಿ ಎಣ್ಣೆ ಪೂರ್ತಿ ಆವಿಯಾಗದೆ ದ್ರವವಾಗಿಯೇ ಚಿಮ್ಮುತ್ತದೆ. ಸೀಮೆಎಣ್ಣೆ ಕುದಿಯುವುದು ಸುಮಾರು 150ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗಿನ ದೊಡ್ಡ ಅಂತರದಲ್ಲಿ. ಹಗುರ ಭಾಗ ಆವಿಯಾಗಿ ಹೊತ್ತಿಕೊಂಡರೂ ಭಾರದ ಭಾಗ ಹನಿಯಾಗಿಯೇ ಉಳಿದು ಅರ್ಧ ಸುಡುತ್ತದೆ. ಅರ್ಧ ಸುಟ್ಟ ಎಣ್ಣೆಯಿಂದ ಹುಟ್ಟುವ ಆಲ್ಡಿಹೈಡ್ ಎಂಬ ರಾಸಾಯನಿಕಗಳು ಕಣ್ಣು, ಗಂಟಲು ಕೆರೆಯುತ್ತವೆ. ಬಟ್ಟಲು ತುಂಬ ಸ್ಪಿರಿಟ್ ಹಾಕಿ, ಅದು ಆರುವ ಹಂತಕ್ಕೆ ಬರುವವರೆಗೆ ಕಾದು, ಆಮೇಲೆ ತಿರುಗಣೆಯನ್ನು ಸ್ವಲ್ಪವೇ ತೆರೆದರೆ ನೀಲಿ ಉರಿ ಮೊದಲ ಬಾರಿಗೇ ಹಿಡಿಯುತ್ತದೆ. ಚಳಿ ಜೋರಾದ ದಿನ ಎರಡು ಬಟ್ಟಲೂ ಬೇಕಾಗಬಹುದು. ಎರಡನೆಯದನ್ನು ಹಾಕುವ ಮುಂಚೆ ಮೊದಲಿನದು ನಿಜಕ್ಕೂ ಆರಿದೆಯೇ ಎಂದು ಕೈಯನ್ನು ಮೇಲೆ ದೂರದಲ್ಲಿ ಹಿಡಿದು ನೋಡಬೇಕು. ಹಗಲು ಬೆಳಕಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೆ ಕಾಣದೆಯೂ ಇರಬಹುದು. ಗಾಳಿಗೆ ಅಡ್ಡವಾಗಿ ಒಲೆಯ ಹಿಂಬದಿ ಒಂದು ತಗಡಿನ ಮರೆ ನಿಲ್ಲಿಸಿದೆವು.

"ಅಮ್ಮ ಸ್ಪಿರಿಟ್ಟನ್ನು ಅಳೆದು ಅಳೆದು ಹಾಕುತ್ತಿದ್ದರು, ಅದೇ ಕೈ ನನಗೂ ಬಂದಿದೆ," ಎಂದರು ಅಕ್ಕ. ಪಡಿತರ ಚೀಟಿಯ ಕಾಲದ ಜಿಪುಣತನ ಇಂಗ್ಲೆಂಡಿನ ಚಳಿಗೆ ಹೊಂದುವುದಿಲ್ಲ.

ಇಷ್ಟಾದ ಮೇಲೂ ಎಡಗಡೆಯ ಬರ್ನರಿನಲ್ಲಿ ತಿರುಗಣೆಯ ಕಡ್ಡಿ ಹೊರಬರುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಹಳದಿ ನಾಲಿಗೆ ಆಡುತ್ತಿತ್ತು. ಅದು ಹೊಸ ಬರ್ನರಿನದೇ ಕೊಡುಗೆ. ಕಡ್ಡಿಯ ಸುತ್ತ ಗ್ರಾಫೈಟಿನ ತುಂಬುವಿಕೆ ಇರುತ್ತದೆ, ಮೊದಲ ಕೆಲವು ಸಲ ಕಾದು ತಣಿದಾಗ ಅದು ಕೊಂಚ ಕುಗ್ಗುತ್ತದೆ. ತಣ್ಣಗಾದ ಮೇಲೆ ಅದರ ನಟ್ಟನ್ನು ಸ್ವಲ್ಪ ಬಿಗಿಸಬೇಕು, ತಿರುಗಣೆ ಕೈಗೆ ಬಿಗಿಯೆನಿಸುವಷ್ಟು ಮಾತ್ರ. ಬರ್ನರ್ ಹಾಕಿದವರು ಹಾಕಿ ಹೋಗಿದ್ದರು, ಬಿಗಿಸಲು ಮತ್ತೆ ಬಂದಿರಲಿಲ್ಲ. ನಿಪ್ಪಲ್ ಸರಿಯಾಗಿಯೇ ಇತ್ತು. ಎಣ್ಣೆಯೂ ಸರಿಯಾದದ್ದೇ, ಹೊಗೆಕೊಳವೆಯಿಲ್ಲದ ಒಲೆಗಳಿಗೆಂದೇ ಮಾರುವ, ಗಂಧಕ ಕಡಿಮೆಯಿರುವ ಸಿ1 ದರ್ಜೆಯ ಪ್ಯಾರಾಫಿನ್. ಅಗ್ಗವೆಂದು ಮನೆ ಬಿಸಿಮಾಡುವ ಸಿ2 ದರ್ಜೆಯ ಎಣ್ಣೆ ತಂದು ಸುರಿದು, ಒಲೆಯನ್ನು ಬಯ್ಯುವವರನ್ನು ಕಂಡಿದ್ದೇನೆ. ಡಾಕ್ಟರು ಆ ಪಂಗಡದವರಲ್ಲ.

ಅಗಲವಾದ ಕಬ್ಬಿಣದ ದೋಸೆ ಕಾವಲಿಯ ಬಗ್ಗೆ ಸ್ವಲ್ಪ ಚರ್ಚೆ ನಡೆಯಿತು. ಕಾವಲಿ ಇಟ್ಟಾಗ ಘಾಟು ಮತ್ತೆ ಬರುತ್ತಿತ್ತು. ಈ ಒಲೆಗಳಲ್ಲಿ ಪಾತ್ರೆ ಇಡುವ ಕಾಲುಗಳು ಗಿಡ್ಡ. ಬರ್ನರನ್ನು ಪೂರ್ತಿ ಮುಚ್ಚುವ ದಪ್ಪ ಲೋಹ ಮೇಲೆ ಕುಳಿತರೆ ಉರಿಗೆ ಸುತ್ತಲಿನ ಗಾಳಿ ಸಾಲದು, ತಣ್ಣಗಿನ ಲೋಹಕ್ಕೆ ಬಡಿದ ಜ್ವಾಲೆ ಸುಡುವ ಮುಂಚೆಯೇ ತಣಿಯುತ್ತದೆ. ಕಾವಲಿಯನ್ನು ಬಿಟ್ಟುಬಿಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಕಾಲುಗಳ ಮೇಲೆ ಒಂದು ಉಕ್ಕಿನ ಬಳೆ ಇಟ್ಟು ಎತ್ತರಿಸಿದೆವು. ದೋಸೆಗೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಕಣ್ಣು ಉರಿಯುವುದಿಲ್ಲ.

ಆರಿಸಿದ ಮೇಲಿನ ವಾಸನೆಗೆ ಕಾರಣ ಇನ್ನೂ ಸರಳ. ತಿರುಗಣೆ ಮುಚ್ಚಿದ ಮೇಲೂ ಕಾದ ಕೊಳವೆಗಳಲ್ಲಿ ಉಳಿದ ಎಣ್ಣೆ ಆವಿಯಾಗುತ್ತಾ ಸಣ್ಣ ಜ್ವಾಲೆಯಾಗಿ ಉರಿಯುತ್ತಿರುತ್ತದೆ. ಡಾಕ್ಟರು ಅದನ್ನು ಉಫ್ ಎಂದು ಊದಿ ಆರಿಸುತ್ತಿದ್ದರು. ಊದಿದರೆ ಬೆಂಕಿ ಹೋಗುತ್ತದೆ, ಆವಿ ಹೋಗುವುದಿಲ್ಲ. ಸುಡದೆ ಕ್ಯಾಬಿನ್ನಿಗೆ ಹರಡುತ್ತದೆ. ಅದನ್ನು ಅದರ ಪಾಡಿಗೆ ಉರಿದು ಆರಲು ಬಿಡಬೇಕು.

ಚಳಿಗೆ ಹೆದರಿ ಅವರು ಗಾಳಿಕಿಂಡಿಗಳಿಗೆ ಬಟ್ಟೆ ತುರುಕಿದ್ದರು. ಅದನ್ನು ಕಿತ್ತುಹಾಕಿಸಿದೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗಿಂತ ತುಸು ಹೆಚ್ಚೇ ನೀರು ಆವಿಯಾಗಿ ಹೊರಬರುತ್ತದೆ, ಹಾಸಿಗೆ ತೊಯ್ಯುವುದು ಅದರಿಂದ. ಅದಕ್ಕಿಂತ ಮುಖ್ಯ, ಗಾಳಿ ಸಾಲದ ಉರಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. 2013ರ ಏಪ್ರಿಲ್ 1ರಂದು ವಿಂಡರ್‌ಮಿಯರ್ ಸರೋವರದಲ್ಲಿ ದೋಣಿಯೊಂದರ ಮುಚ್ಚಿದ ಕ್ಯಾಬಿನ್ನಿನಲ್ಲಿ ಜನರೇಟರಿನ ಹೊಗೆಯಿಂದ ತಾಯಿ ಮಗಳು ತೀರಿಕೊಂಡದ್ದು ಬ್ರಿಟನ್ನಿನ ದೋಣಿಯವರೆಲ್ಲರಿಗೂ ಗೊತ್ತು. 2019ರ ಏಪ್ರಿಲಿನಿಂದ ಅಲ್ಲಿನ ಒಳನಾಡು ಜಲಮಾರ್ಗಗಳ ದೋಣಿ ಸುರಕ್ಷತಾ ತಪಾಸಣೆಯಲ್ಲಿ, ಒಳಗೆ ವಾಸದ ಜಾಗವಿರುವ ದೋಣಿಗಳಿಗೆ ಈ ಅನಿಲದ ಅಲಾರ್ಮ್ ಕಡ್ಡಾಯ. ಸಮುದ್ರದ ಕಡೆ ನಿಲ್ಲುವ ಈ ದೋಣಿಗೆ ಆ ತಪಾಸಣೆ ಅನ್ವಯಿಸದಿದ್ದರೂ, ಯುರೋಪಿನ ಮಾನದಂಡದ ಸಂಖ್ಯೆ ಇಎನ್ 50291-2 ಎಂದು ಮುದ್ರಿಸಿದ, ದೋಣಿಗಳಿಗೆ ತಕ್ಕ ಅಲಾರ್ಮ್ ತರಿಸಿ ಗೋಡೆಗೆ ಹಾಕಿಸಿದ ಮೇಲೆಯೇ ನಾನು ಉಳಿದ ಕೆಲಸ ಮುಂದುವರಿಸಿದ್ದು. ವಾಸನೆ ಹೋಯಿತೆಂದರೆ ಅಪಾಯವೂ ಹೋಯಿತೆಂದು ನಂಬುವುದು ಇಂಥ ರಿಪೇರಿಯ ದೊಡ್ಡ ಅಡ್ಡಪರಿಣಾಮ.

ಸೋರಿಕೆ ನಿಂತಿತು, ಘಾಟು ಹೋಯಿತು. ದೋಣಿಯ ಮೈಗೆ ಹತ್ತಿದ ಎಣ್ಣೆ ಹಾಗೆಯೇ ಇತ್ತು. ಈ ಭಾಗಕ್ಕೆ ಹಿಡಿದಷ್ಟು ಸಮಯ ಮಿಕ್ಕೆಲ್ಲದಕ್ಕೂ ಸೇರಿ ಹಿಡಿಯಲಿಲ್ಲ.

ಮೊದಲು ಹೀರುವ ಹಾಸು, ಆಮೇಲೆ ಸೋಪು. ಈ ಕ್ರಮ ತಪ್ಪಬಾರದು. ಸೋಪು ಮೊದಲು ಹಾಕಿದರೆ ಎಣ್ಣೆ ಒಡೆದು ಹಾಲಿನಂತೆ ನೀರಿನೊಳಗೆ ಬೆರೆಯುತ್ತದೆ, ಮತ್ತೆ ಯಾವ ಹಾಸೂ ಅದನ್ನು ಹೀರಲಾರದು. ಆ ನೀರನ್ನು ಪಂಪಿನಿಂದ ನದಿಗೆ ಬಿಡುವುದು ಅಪರಾಧವೂ ಹೌದು, ಅನ್ಯಾಯವೂ ಹೌದು. ಹಾಸುಗಳು ಬೆಳ್ಳಗೆ, ಹಗುರಾಗಿ ಮೇಲೆ ಬರುವವರೆಗೆ ಬದಲಿಸುತ್ತಾ ಹೋದೆವು. ನಂತರ ಬಿಸಿನೀರು, ಪಾತ್ರೆ ತೊಳೆಯುವ ದ್ರವ, ಉದ್ದ ಹಿಡಿಯ ಬ್ರಷ್ಷು. ತೊಳೆದ ನೀರೆಲ್ಲ ಡ್ರಮ್ಮಿಗೆ, ಡ್ರಮ್ಮು ಮರೀನಾದ ಎಣ್ಣೆತ್ಯಾಜ್ಯದ ಟ್ಯಾಂಕಿಗೆ.

ಬಿಲ್ಜ್ ಚೊಕ್ಕವಾದರೂ ದೋಣಿ ಒಂದು ಸಲ ವಾಲಿ ಬಂದರೆ ಮತ್ತೆ ವಾಸನೆ. ಆ ಕಾಲದ ಫೈಬರ್‌ಗ್ಲಾಸ್ ದೋಣಿಗಳಲ್ಲಿ ಹೊರಮೈಯ ಒಳಗೆ ಇನ್ನೊಂದು ಅಚ್ಚಿನ ಒಳಮೈ ಕೂರಿಸಿರುತ್ತಾರೆ, ಹಾಸಿಗೆ, ಕಪಾಟು ಎಲ್ಲ ಅದರದೇ ಭಾಗ. ಎರಡರ ನಡುವೆ ಕೈ ಹೋಗದ ಸಂದು. ಒಲೆಯ ಕಪಾಟಿನ ಕೆಳಗೆ ಆ ಸಂದಿಗೆ ಎಣ್ಣೆ ಇಳಿದಿತ್ತು, ದೋಣಿ ವಾಲಿದಾಗಲೆಲ್ಲ ಅಲ್ಲಿಂದ ಹೊರಟು ಬಿಲ್ಜಿಗೆ ಬರುತ್ತಿತ್ತು. ಒಳಮೈಗೆ ಮುಷ್ಟಿ ಹಿಡಿಸುವಷ್ಟು ರಂಧ್ರ ಕೊರೆದು, ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಕೂರಿಸಿದೆ. ಅದರ ಮೂಲಕ ಹಾಸಿನ ಪಟ್ಟಿಗಳನ್ನು ದಾರ ಕಟ್ಟಿ ಇಳಿಬಿಟ್ಟೆವು. ಮೊದಲ ಪಟ್ಟಿ ಮೇಲೆ ಬಂದಾಗ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಅದನ್ನು ಬಕೆಟ್ಟಿಗೆ ಹಾಕುತ್ತ, "ಬಾವು ಒಡೆದ ಹಾಗಾಯಿತು," ಎಂದರು.

ಒಲೆಯ ಕೆಳಗಿನ ಪ್ಲೈವುಡ್ ಕಪಾಟನ್ನು ಉಳಿಸಲು ಯತ್ನಿಸಲಿಲ್ಲ. ಪ್ಲೈವುಡ್ಡಿನ ಕತ್ತರಿಸಿದ ಅಂಚು ಎಣ್ಣೆ ಕುಡಿದರೆ ಬಿಡುವುದಿಲ್ಲ, ಮೇಲೆ ಬಣ್ಣ ಅಥವಾ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಬಳಿದರೆ ಹಿಡಿಯುವುದೂ ಇಲ್ಲ. ಹೊಸದನ್ನು ಮಾಡಿ, ಅಂಚುಗಳಿಗೆ ಮೊದಲೇ ಎಪಾಕ್ಸಿ ಬಳಿದು ಕೂರಿಸಿದೆ. ಒಲೆಯ ಪಕ್ಕದ ಫೋಮ್ ಮೆತ್ತೆಗಳನ್ನು ಎಸೆಯಿರಿ ಎಂದೆ. ಅಕ್ಕ ಕವರುಗಳನ್ನು ಒಗೆದು ಬಿಸಿಲಿಗೆ ಹಾಕಿ ಉಳಿಸಿಕೊಂಡರು, ಫೋಮ್ ಮಾತ್ರ ಹೊಸದು ತಂದರು. ಕಾಫಿಪುಡಿಯ ಬಟ್ಟಲುಗಳನ್ನು ತೆಗೆಸಿದೆ. ವಾಸನೆಯನ್ನು ಮುಚ್ಚುವ ವಸ್ತು ಇರುವಷ್ಟು ದಿನ ಹೊಸ ಸೋರಿಕೆ ಶುರುವಾದರೆ ತಿಳಿಯುವುದಿಲ್ಲ.

ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಪ್ಲೈವುಡ್, ಫೋಮ್, ಹೀರುವ ಹಾಸುಗಳದ್ದು. ಒಲೆಗೆ ಸಂಬಂಧಿಸಿದ ಸಾಮಾನೆಂದರೆ ಒಂದು ಮೊಳ ಚಿಲ್ಲರೆ ತಾಮ್ರದ ಕೊಳವೆ, ಎರಡು ಉಂಗುರ, ಒಂದು ವಾಷರ್, ಒಂದು ಕವಾಟ. ಡಾಕ್ಟರಿಗೆ ಇದು ತಮಾಷೆಯಾಗಿ ಕಂಡಿತು, ಗ್ಯಾಸಿನ ಅಂದಾಜು ಪಟ್ಟಿಯ ಹಿಂಬದಿಯಲ್ಲೇ ಲೆಕ್ಕ ಬರೆದುಕೊಂಡರು.

ದೋಣಿ ಓಡಿಸಿ ಬಂದ ರಾತ್ರಿ ಮುಚ್ಚಿ, ಬೆಳಿಗ್ಗೆ ಅದೇ ನೆರೆಯವನನ್ನು ಕರೆದು ಹ್ಯಾಚ್ ತೆಗೆಸುವ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಮೊದಲ ಸಲ "ಸ್ವಲ್ಪ ಇದೆ" ಎಂದ. ಸಂದಿನಲ್ಲಿ ಇನ್ನೂ ಉಳಿದಿದ್ದ ಎಣ್ಣೆ ಅದು, ಪಟ್ಟಿಗಳನ್ನು ಬದಲಿಸುತ್ತಾ ಹೋದಂತೆ ಇಳಿಯಿತು. ಬೇಸಿಗೆಯಲ್ಲಿ ಕರೆದಾಗ ಒಳಗೆ ಏನೋ ಕರಿದ ವಾಸನೆ ಬರುತ್ತಿದೆ ಎಂದು ವಿಚಾರಿಸಿದ. ಹಿಂದಿನ ಸಂಜೆ ಅಕ್ಕ ಈರುಳ್ಳಿ ಬಜ್ಜಿ ಮಾಡಿದ್ದರು. ಈಗ ಒಂದೇ ಒಂದು ಜಾಗ ಉಳಿದಿದೆ: ಮುಂಭಾಗದ ಹಾಸಿಗೆಯ ಕೆಳಗಿನ ಸಂದು, ಅಲ್ಲಿಗೆ ರಂಧ್ರ ಕೊರೆಯದೆ ತಲುಪಲಾಗುವುದಿಲ್ಲ. ಸದ್ಯ ಅಲ್ಲಿಂದ ವಾಸನೆ ಇಲ್ಲ. ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆ ಎತ್ತಿಸಿದಾಗ ನೋಡೋಣ ಎಂದು ಬಿಟ್ಟಿದ್ದೇವೆ. ಅಲ್ಲಿಯವರೆಗೆ ಪ್ರತಿ ಸಲ ದೋಣಿ ಓಡಿಸುವ ಮುಂಚೆ ಕೊಳವೆಯ ಜೋಡಣೆಗೆ ಚಿಟಿಕೆ ಸೀಮೆಸುಣ್ಣದ ಪುಡಿ ಹಚ್ಚಿ, ಮರಳಿ ಬಂದ ಮೇಲೆ ಟಾರ್ಚ್ ಹಾಕಿ ನೋಡುವ ಕೆಲಸವನ್ನು ಡಾಕ್ಟರು ವಹಿಸಿಕೊಂಡಿದ್ದಾರೆ.